ಗೃಹಾರೋಗ್ಯ: ನೋಯುವ ಎಡೆ, ನೋವಿನ ಮೂಲ

ಜ್ವರ ಬಂದರೆ ಗೃಹಸ್ಥನು ವೈದ್ಯನನ್ನು ನೆನೆಯುತ್ತಾನೆ. ಸೊಂಟ ಹಿಡಿದರೆ ಎಣ್ಣೆಯ ಬಟ್ಟಲನ್ನು ನೆನೆಯುತ್ತಾನೆ. ಇದರಲ್ಲಿ ದೋಷವೇನೂ ಇಲ್ಲ. ಬಾಣಂತಿಗೂ ಎಳೆಗೂಸಿಗೂ ಅಭ್ಯಂಜನ ಮಾಡಿಸುವ ನಾಡು ನಮ್ಮದು. ತಿಳಿದ ಕೈ ಸೋಕಿದರೆ ನೋವು ತಗ್ಗುವುದೆಂಬುದು ಅನುಭವಸಿದ್ಧವಾದ ಮಾತು. ಆದರೆ ಕೈಯು ಮೈಯನ್ನು ಮುಟ್ಟುವುದಕ್ಕೆ ಮುಂಚೆ ಕಿವಿಯೂ ಕಣ್ಣೂ ತಮ್ಮ ಕೆಲಸವನ್ನು ಮಾಡಿರಬೇಕು. ಕೀಲು, ಮಾಂಸಖಂಡಗಳ ನೋವಿನ ವಿಷಯದಲ್ಲಿ ನಾವು ಈ ತಿಂಗಳು ವಾಚಕರಿಗೆ ಹೇಳಬೇಕೆಂದಿರುವುದು ಇಷ್ಟೆ.

ವಾಗ್ಭಟನು ಅಷ್ಟಾಂಗಹೃದಯದಲ್ಲಿ ರೋಗಿಯ ಪರೀಕ್ಷೆಗೆ ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಸಾಧನಗಳನ್ನು ಹೇಳಿರುವನು. ಫಿಸಿಯೋಥೆರಪಿಸ್ಟರೆಂದು ಕರೆಯಲ್ಪಡುವ ಇಂದಿನ ಭೌತಚಿಕಿತ್ಸಕರು ಮಾಡುವುದೂ ಇದನ್ನೇ. ಅವರಲ್ಲಿ ಪ್ರಶ್ನವು ಮೊದಲು ಬರುವುದು. ನೋವು ಎಂದು ಮೊದಲಾಯಿತು? ಯಾವ ಚಲನೆಯಿಂದ ಹೆಚ್ಚುವುದು, ಹೇಗೆ ಕುಳಿತರೆ ತಗ್ಗುವುದು? ರಾತ್ರಿ ನಿದ್ರೆಯನ್ನು ಕೆಡಿಸುವುದೆ? ಕೈಗೋ ಕಾಲಿಗೋ ಹರಿಯುವುದೆ? ಜೋಮು ಹಿಡಿಯುವುದೆ? ಸೊನ್ನೆಯಿಂದ ೧೦ರವರೆಗಿನ ಅಳತೆಯಲ್ಲಿ ಅದಕ್ಕೆ ಎಷ್ಟು ಅಂಕ ಕೊಡುವಿರಿ? ಇವೆಲ್ಲಕ್ಕಿಂತಲೂ ಮುಖ್ಯವಾದುದು, ದಿನವಿಡೀ ನೀವು ಮಾಡುವ ಕೆಲಸವೇನು ಎಂಬ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಈ ಕಡೆಯ ಪ್ರಶ್ನೆಗೆ ಬರುವ ಉತ್ತರದಲ್ಲಿಯೇ ಅರ್ಧ ನಿದಾನವು ಅಡಗಿರುತ್ತದೆ. ಚನ್ನಗಿರಿಯ ಕಡೆ ಕೊಯ್ಲಿನ ತಿಂಗಳುಗಳಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಹೊತ್ತು ಮುಳುಗುವವರೆಗೂ ಅಡಿಕೆ ಸುಲಿಯುತ್ತಾರೆ. ಹೊನ್ನಾಳಿಯ ಹೊಳೆಯಂಚಿನ ಗದ್ದೆಗಳಲ್ಲಿ ಬಾಗಿದ ಬೆನ್ನು ನೆಟ್ಟಗಾಗದೆ ನಾಟಿ ನಡೆಯುತ್ತದೆ. ನ್ಯಾಮತಿಯಲ್ಲಿ ಮೆಕ್ಕೆಜೋಳದ ಮೂಟೆಗಳು ಹೆಗಲೇರುತ್ತವೆ. ಜಗಳೂರಿನ ಬೆದ್ದಲಲ್ಲಿ ಕುಕ್ಕುರುಗಾಲಿನ ಕಳೆಯೇ ಕಳೆ. ಅಡಿಕೆ ಸುಲಿಯುವವಳ ಹೆಬ್ಬೆರಳಿನ ಬುಡದಲ್ಲಿ ನೋವಿದ್ದರೆ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿ, ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿ ನೋಡಬೇಕು. ಆಗ ನೋವು ಚುಳ್ಳೆಂದರೆ ಅಲ್ಲಿಯ ಸ್ನಾಯುರಜ್ಜುವಿನ ಹೊದಿಕೆಯು ಉಬ್ಬಿರುವ ಸಂಭವವುಂಟು. ಇದನ್ನು ಬಲವಾಗಿ ತಿಕ್ಕಿದರೆ ಇನ್ನಷ್ಟು ಕೆರಳುವುದು. ಹೆಬ್ಬೆರಳಿಗೆ ಆಸರೆ ಕಟ್ಟಿ, ಕೆಲವು ವಾರ ಕೆಲಸದ ಬಗೆಯನ್ನು ಬದಲಿಸುವುದೇ ಮೊದಲ ಮದ್ದು.

ನೋಯುವ ಎಡೆಯೇ ನೋವಿನ ಮನೆಯೆಂದು ಎಣಿಸಬಾರದು. ಪಿರ್ರೆಯಿಂದ ಹೊರಟು ಮಂಡಿಯ ಕೆಳಗೆ ಇಳಿಯುವ ಉರಿಗೆ ಬೆನ್ನುಮೂಳೆಯ ಬಳಿ ಒತ್ತಡಕ್ಕೆ ಸಿಕ್ಕಿದ ನರವು ಕಾರಣವಿರಬಹುದು. ಮಂಡಿಯಲ್ಲಿ ಕಾಣುವ ನೋವು ತೊಡೆಯ ಮೇಲಿನ ಕೀಲಿನದಾಗಿರಬಹುದು. ಎಡತೋಳಿನಲ್ಲಿಯೂ ದವಡೆಯಲ್ಲಿಯೂ ನೋವು ಕಾಣಿಸಿ, ಮೈ ಬೆವೆತು, ಉಸಿರು ಕಟ್ಟಿದರೆ ಅದು ಹೃದಯದ ಕರೆ. ಅಲ್ಲಿ ಎಣ್ಣೆಗೆ ಕೆಲಸವಿಲ್ಲ, ಗಳಿಗೆಯನ್ನೂ ಕಳೆಯದೆ ಆಸ್ಪತ್ರೆಗೆ ಒಯ್ಯತಕ್ಕದ್ದು.

ಕೈಯಿಡಬಾರದ ಸಂದರ್ಭಗಳು ಬೇರೆಯೂ ಇವೆ. ಸೊಂಟನೋವಿನೊಡನೆ ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರವು ಕಟ್ಟಿದರೆ, ತೊಡೆಗಳ ಸಂದಿಯಲ್ಲಿ ಸ್ಪರ್ಶಜ್ಞಾನ ಹೋದರೆ, ಕಾಲು ಸೋತರೆ ಅದೇ ದಿನವೇ ವೈದ್ಯರಿಗೆ ತೋರಿಸಬೇಕು. ಜ್ವರದೊಡನೆ ಬಂದ ನೋವು, ಮೈ ಇಳಿಯುತ್ತಿರುವವರ ನೋವು, ಮಲಗಿದರೂ ಬಿಡದ ರಾತ್ರಿಯ ನೋವು ಇವುಗಳಿಗೂ ಮೊದಲು ಪರೀಕ್ಷೆಯೇ ಆಗತಕ್ಕದ್ದು. ಒಂದೇ ಮೀನಖಂಡವು ಊದಿ ಬಿಸಿಯಾಗಿದ್ದರೆ ನೀವಬಾರದು. ಒಳಗೆ ಹೆಪ್ಪುಗಟ್ಟಿದ ರಕ್ತವು ಸಡಿಲಿ ಶ್ವಾಸಕೋಶಕ್ಕೆ ಹೋಗಬಹುದು. ಬಿದ್ದ ವೃದ್ಧೆಯ ಬೆನ್ನನ್ನು ಒತ್ತಬಾರದು; ಮೂಳೆ ಮುರಿದಿರಬಹುದು. ಕತ್ತನ್ನು ಥಟ್ಟನೆ ತಿರುಗಿಸಿ ಶಬ್ದ ಬರಿಸುವ ಚಮತ್ಕಾರದಿಂದ ಮಿದುಳಿಗೆ ಹೋಗುವ ರಕ್ತನಾಳವು ಅಪೂರ್ವವಾಗಿಯಾದರೂ ಹರಿದುದುಂಟು. ನಾಟಿ ಕಟ್ಟು ಹಾಕಿಸಿದ ಮೇಲೆ ಬೆರಳುಗಳು ತಣ್ಣಗಾಗಿ ನೀಲಿಗಟ್ಟಿದರೆ ಕಟ್ಟನ್ನು ಒಡನೆಯೇ ಸಡಿಲಿಸಿ, ತಾಲ್ಲೂಕು ಆಸ್ಪತ್ರೆಗೋ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಕರೆದೊಯ್ಯಬೇಕು.

ಇಷ್ಟನ್ನು ಓದಿ ವಾಚಕರು ಭಯಪಡಬೇಕಾಗಿಲ್ಲ. ಸೊಂಟನೋವುಗಳಲ್ಲಿ ಬಹುಪಾಲು ಇಂತಹ ಕೇಡಿನವಲ್ಲ. ಹೊಸದಾಗಿ ಬಂದುದು ಹಲವರಲ್ಲಿ ೬ ವಾರಗಳೊಳಗೆ ಬಹಳ ಮಟ್ಟಿಗೆ ತಗ್ಗುತ್ತದೆ. ಯಂತ್ರದ ಚಿತ್ರದಲ್ಲಿ ಡಿಸ್ಕು ಸವೆದಿದೆಯೆಂದು ಕಂಡೊಡನೆಯೇ ಎದೆಗುಂದಬೇಡಿರಿ. ನೋವೇ ಇಲ್ಲದವರ ಚಿತ್ರಗಳನ್ನು ಕುರಿತು ೨೦೧೫ರಲ್ಲಿ ಪ್ರಕಟವಾದ ವಿಮರ್ಶೆಯೊಂದರ ಪ್ರಕಾರ, ೨೦ ವರ್ಷದವರಲ್ಲಿ ಶೇಕಡ ೩೭ ಮಂದಿಗೂ ೮೦ ವರ್ಷದವರಲ್ಲಿ ಶೇಕಡ ೯೬ ಮಂದಿಗೂ ಈ ಸವೆತವಿತ್ತು. ಸವೆತವು ನರೆಗೂದಲಿನಂತೆ ವಯಸ್ಸಿನ ಗುರುತೂ ಆಗಿರಬಹುದು. ಬಹುಕಾಲದ ಸೊಂಟನೋವನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಹೊರಡಿಸಿದ ಮಾರ್ಗದರ್ಶನವು ರೋಗಿಗೆ ತಿಳಿವಳಿಕೆ, ವ್ಯಾಯಾಮ, ಅಂಗಮರ್ದನ, ಬೆನ್ನುಮೂಳೆಯ ಹಸ್ತಚಿಕಿತ್ಸೆ ಇವುಗಳಿಗೆ ಸ್ಥಾನ ಕೊಟ್ಟಿದೆ. ಸೊಂಟಪಟ್ಟಿಗೂ ಎಳೆತದ ಚಿಕಿತ್ಸೆಗೂ ಕೊಟ್ಟಿಲ್ಲ. ಕೈಚಿಕಿತ್ಸೆಯಿಂದ ದೊರೆಯುವ ಉಪಶಮನವು ಹಲವು ವೇಳೆ ಅಲ್ಪಕಾಲದ್ದು. ಆ ಬಿಡುವಿನಲ್ಲಿ ನಡೆದಾಡಿ, ಕಲಿಸಿದ ವ್ಯಾಯಾಮವನ್ನು ಮಾಡಿದವನಿಗೆ ಮಾತ್ರ ಅದರ ಫಲವು ನಿಲ್ಲುವುದು. ಹಾಸಿಗೆ ಹಿಡಿದು ವಾರಗಟ್ಟಲೆ ಮಲಗಿದರೆ ಮಾಂಸಖಂಡಗಳು ಇನ್ನೂ ಕೃಶವಾಗುವುವು.

ಕೊನೆಗೆ, ತೋಟವೂ ಗದ್ದೆಯೂ ಉಳ್ಳ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ದಿನಗೂಲಿಯವಳಿಗೆ ವಿಶ್ರಾಂತಿ ತೆಗೆದುಕೋ ಎಂದು ಹೇಳುವುದು ಸುಲಭ. ಅವಳ ಒಲೆಯು ಆ ಮಾತಿನಿಂದ ಉರಿಯದು. ಆದರೆ ಕೂರಲು ಎತ್ತರವಾದ ಮಣೆ, ಗಂಟೆಗೊಮ್ಮೆ ಎದ್ದು ಮೈ ಮುರಿಯುವಷ್ಟು ಬಿಡುವು, ಸುಲಿಯುವವಳಿಗೆ ಅರ್ಧ ದಿನ ಆರಿಸುವ ಕೆಲಸ, ದೊಡ್ಡ ಮೂಟೆಯ ಬದಲು ಎರಡು ಸಣ್ಣ ಮೂಟೆ ಇವು ಕೂಲಿಯನ್ನು ಕಡಿಯದೆ ನಿಮ್ಮಿಂದ ಆಗತಕ್ಕ ಚಿಕಿತ್ಸೆಗಳು. ನಿಮ್ಮ ಮನೆಯ ಹೆಂಗಸರು ಸಹ ಸೊಂಟನೋವನ್ನು ಬಾಯಿಬಿಟ್ಟು ಹೇಳುವುದು ಕಡಮೆ. ಎಣ್ಣೆ ಕಾಯಿಸುವುದಕ್ಕೆ ಮೊದಲು ಅವರ ಬಳಿ ಕುಳಿತು, ಎಲ್ಲಿ, ಎಂದಿನಿಂದ, ಏನು ಮಾಡುವಾಗ ಎಂದು ಕೇಳಿರಿ.