ಫವಾದ್ ಮಿರ್ಜಾ ಸವೆಸಿದ ಹಾದಿ, ಮೈಸೂರಿನ ಹೊಣೆ

2021ರ ಆಗಸ್ಟ್ 2ರಂದು ಟೋಕಿಯೊ ಒಲಿಂಪಿಕ್ಸ್‌ನ ಕುದುರೆ ಜಿಗಿತದ ಕಣದಲ್ಲಿದ್ದ ಒಬ್ಬನೇ ಭಾರತೀಯ ಬೆಂಗಳೂರಿನ ಫವಾದ್ ಮಿರ್ಜಾ. 2000ರ ಸಿಡ್ನಿ ಕೂಟದಲ್ಲಿ ಇಮ್ತಿಯಾಜ್ ಅನೀಸ್ ಸ್ಪರ್ಧಿಸಿದ ಮೇಲೆ ಎರಡು ದಶಕ ಒಲಿಂಪಿಕ್ಸ್ ಕುದುರೆ ಸವಾರಿಯಲ್ಲಿ ನಮ್ಮವರು ಯಾರೂ ಇರಲಿಲ್ಲ. ಮಿರ್ಜಾ ಗಳಿಸಿದ್ದು 23ನೇ ಸ್ಥಾನ. ಇಂದು ಅದನ್ನು ಹಿಂದಿರುಗಿ ನೋಡಿದರೆ ಒಬ್ಬ ಸವಾರನ ಸಾಧನೆಯ ಜೊತೆಗೆ ಕರ್ನಾಟಕ ಬಾಕಿ ಉಳಿಸಿಕೊಂಡ ಕೆಲಸವೂ ಕಾಣುತ್ತದೆ.

1992ರಲ್ಲಿ ಹುಟ್ಟಿದ ಮಿರ್ಜಾ ಕುದುರೆ ವೈದ್ಯ ಹಸನೈನ್ ಮಿರ್ಜಾ ಅವರ ಮಗ. ತಂದೆಯ ವೃತ್ತಿಯಿಂದಾಗಿ ಅವರಿಗೆ ಚಿಕ್ಕಂದಿನಿಂದಲೇ ಲಾಯದ ಒಡನಾಟ. ಬೆಂಗಳೂರಿನ ಎಂಬಸಿ ರೈಡಿಂಗ್ ಸ್ಕೂಲ್ ಅವರನ್ನು ಬೆಳೆಸಿತು, ಉದ್ಯಮಿ ಜೀತು ವಿರ್ವಾನಿ ಬೆಂಬಲಕ್ಕೆ ನಿಂತರು. ಮುಂದೆ ಅವರು ಜರ್ಮನಿಯಲ್ಲಿ ಒಲಿಂಪಿಕ್ ಪದಕ ವಿಜೇತೆ ಸಾಂಡ್ರಾ ಔಫಾರ್ಟ್ ಅವರ ಬಳಿ ಪಳಗಿದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಈವೆಂಟಿಂಗ್‌ನಲ್ಲಿ ವೈಯಕ್ತಿಕ ಬೆಳ್ಳಿ ಗೆದ್ದರು. ರಾಕೇಶ್ ಕುಮಾರ್, ಆಶಿಶ್ ಮಲಿಕ್, ಜಿತೇಂದರ್ ಸಿಂಗ್ ಅವರೊಂದಿಗೆ ತಂಡದ ಬೆಳ್ಳಿಯೂ ಬಂತು. 1982ರ ದೆಹಲಿ ಕೂಟದಲ್ಲಿ ರಘುಬೀರ್ ಸಿಂಗ್ ಚಿನ್ನ ಗೆದ್ದ ಮೇಲೆ ವೈಯಕ್ತಿಕ ಪದಕಕ್ಕಾಗಿ ದೇಶ 36 ವರ್ಷ ಕಾದಿತ್ತು. ಮರುವರ್ಷ ಮಿರ್ಜಾಗೆ ಅರ್ಜುನ ಪ್ರಶಸ್ತಿ ಸಂದಿತು.

ಈವೆಂಟಿಂಗ್‌ನಲ್ಲಿ ಮೂರು ಪರೀಕ್ಷೆಗಳು. ಡ್ರೆಸಾಜ್‌ನಲ್ಲಿ ಕುದುರೆಯ ಶಿಸ್ತು, ಕ್ರಾಸ್ ಕಂಟ್ರಿಯಲ್ಲಿ ಅದರ ಧೈರ್ಯ ಮತ್ತು ದಮ್ಮು, ಶೋ ಜಂಪಿಂಗ್‌ನಲ್ಲಿ ದಣಿದ ಮೈಯಲ್ಲೂ ಉಳಿದಿರಬೇಕಾದ ನಿಖರತೆ ಪರೀಕ್ಷೆಗೆ ಒಳಗಾಗುತ್ತವೆ. ಕಡಿಮೆ ದಂಡಾಂಕ ಪಡೆದವರೇ ಮುಂದು. ಟೋಕಿಯೊದಲ್ಲಿ ಸೆನ್ಯೋರ್ ಮೆಡಿಕಾಟ್ ಕುದುರೆಯ ಮೇಲೆ ಮಿರ್ಜಾ ಡ್ರೆಸಾಜ್‌ನಲ್ಲಿ 28.00 ದಂಡಾಂಕದೊಂದಿಗೆ ಒಂಬತ್ತನೆಯವರಾದರು. ಕ್ರಾಸ್ ಕಂಟ್ರಿಯಲ್ಲಿ ಒಂದು ತಡೆಯನ್ನೂ ತಪ್ಪಿಸಲಿಲ್ಲ, ಆದರೆ ನಿಗದಿತ ವೇಳೆ ಮೀರಿದ್ದಕ್ಕೆ 11.20 ಸೇರಿತು. ಜಿಗಿತದ ಮೊದಲ ಸುತ್ತಿನಲ್ಲಿ ಎರಡು ಅಡ್ಡಗೋಲು ಬಿದ್ದು ತಲಾ ನಾಲ್ಕು ದಂಡಾಂಕ ಬಂದವು. ಆದರೂ ಮೊದಲ 25 ಮಂದಿಯೊಳಗೆ ಉಳಿದು ಅಂತಿಮ ಸುತ್ತಿಗೇರಿದರು. ಅಲ್ಲಿ 12.40 ಕೂಡಿ ಒಟ್ಟು 59.60 ಆಯಿತು. ಒಂಬತ್ತನೆಯ ಸ್ಥಾನದಿಂದ 23ಕ್ಕೆ ಇಳಿದದ್ದನ್ನು ಸೋಲು ಎನ್ನುವಂತಿಲ್ಲ. ವಿಶ್ವದ ಅಗ್ರ ಸವಾರರ ನಡುವೆ ಕೊನೆಯ ಸುತ್ತಿನವರೆಗೂ ಕಣದಲ್ಲಿದ್ದದ್ದು ನಮ್ಮ ಸವಾರರಿಗೆ ಹೊಸ ಮಟ್ಟವನ್ನು ಹಾಕಿಕೊಟ್ಟಿತು.

ಆ ಮಟ್ಟ ತಲುಪಲು ಎಷ್ಟು ಕುದುರೆಗಳು ಬೇಕಾದವು ಎಂಬುದನ್ನೂ ಗಮನಿಸಬೇಕು. ಒಲಿಂಪಿಕ್ಸ್ ಅರ್ಹತೆಯ ಅಂಕ ತಂದವು ಫರ್ನ್‌ಹಿಲ್ ಫೇಸ್‌ಟೈಮ್ ಮತ್ತು ಟಚಿಂಗ್‌ವುಡ್. ಟೋಕಿಯೊಗೆಂದು ಮೊದಲು ಆರಿಸಿದ್ದು ದಜಾರಾ 4. ಕೊನೆಗೆ ಕಣಕ್ಕಿಳಿದದ್ದು ಜಕಾರ್ತಾದ ಬೆಳ್ಳಿ ತಂದಿದ್ದ ಸೆನ್ಯೋರ್ ಮೆಡಿಕಾಟ್. ಒಂದಕ್ಕೆ ಪೆಟ್ಟಾದರೆ ಇನ್ನೊಂದು ಸಿದ್ಧವಿರಲೇಬೇಕಾದ ಕ್ರೀಡೆ ಇದು. ಒಬ್ಬ ಪೋಷಕ ಕೈ ಬಿಚ್ಚಿದ್ದರಿಂದ ಮಿರ್ಜಾ ಬೆಳೆದರು. ಅಂಥ ಕೈ ಸಿಗದ ಪ್ರತಿಭೆಗಳ ಗತಿಯೇನು?

ಎರಡನೆಯ ತೊಡಕು ಗಡಿಯದು. ಮೈಸೂರಿನ ಮಂಡಕಳ್ಳಿಯ ವಿಮಾನ ನಿಲ್ದಾಣದಿಂದ ಸವಾರ ಹೊರಟು ಯುರೋಪ್ ಸೇರಬಹುದು, ಅವನ ಕುದುರೆಗೆ ಆ ಭಾಗ್ಯವಿಲ್ಲ. ಗ್ಲಾಂಡರ್ಸ್‌ನಂಥ ರೋಗಗಳ ಭಯದಿಂದ ಇಲ್ಲಿನ ಕುದುರೆಗಳನ್ನು ಅಂತರರಾಷ್ಟ್ರೀಯ ಕೂಟಗಳಿಗೆ ಒಯ್ಯುವುದು ಬಹುಕಾಲ ದುಸ್ತರವಾಗಿತ್ತು. ಹೀಗಾಗಿ ಕುದುರೆ ಇರುವಲ್ಲಿಗೇ ಸವಾರ ಹೋಗಿ ನೆಲೆಸಬೇಕಾಯಿತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸಾಜ್ ತಂಡದ ಚಿನ್ನ ಗೆದ್ದ ಭಾರತೀಯರೂ ಯುರೋಪಿನ ಲಾಯಗಳಲ್ಲೇ ಪಳಗಿದವರು. 2025ರ ಜುಲೈನಲ್ಲಿ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು ಮೀರತ್ ದಂಡುಪ್ರದೇಶದಲ್ಲಿರುವ ಸೇನೆಯ ಕೇಂದ್ರವನ್ನು ದೇಶದ ಮೊದಲ ರೋಗಮುಕ್ತ ಅಶ್ವ ವಲಯವೆಂದು ಮಾನ್ಯ ಮಾಡಿತು. ಬಾಗಿಲು ಈಗ ತುಸು ತೆರೆದಿದೆ. ಅಂಥ ವಲಯ ಕರ್ನಾಟಕದಲ್ಲೂ ಆಗಬೇಕು.

ಮೈಸೂರಿಗೆ ಕುದುರೆ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ನಗರವನ್ನು ಗೆದ್ದವರು ನಮ್ಮ ಮೈಸೂರು ಲ್ಯಾನ್ಸರ್‌ಗಳು. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ರೇಸ್‌ಕೋರ್ಸ್ ಇದೆ. ಪೊಲೀಸ್ ಅಶ್ವಾರೋಹಿ ದಳ ದಸರೆಯ ಜಂಬೂಸವಾರಿಯಲ್ಲಿ ಹೆಜ್ಜೆ ಹಾಕುತ್ತದೆ, ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಟೆಂಟ್ ಪೆಗ್ಗಿಂಗ್ ತೋರಿಸಿ ಚಪ್ಪಾಳೆ ಗಿಟ್ಟಿಸುತ್ತದೆ. ಕುದುರೆಯನ್ನು ಬಲ್ಲ ಸವಾರರು, ಸಹೀಸರು, ವೈದ್ಯರು ಈ ಊರಲ್ಲಿದ್ದಾರೆ. ಆದರೆ ನಂಜನಗೂಡು ರಸ್ತೆಯ ಮಂಡಕಳ್ಳಿಯ ಒಬ್ಬ ರೈತನ ಮಗಳು ಕುದುರೆ ಜಿಗಿತ ಕಲಿಯಬೇಕೆಂದರೆ ಅವಳ ಕೈಗೆಟುಕುವ ದರದ ದಾರಿ ಎಲ್ಲಿದೆ?

ಆ ದಾರಿ ಮಾಡುವುದು ಸರ್ಕಾರದ ಕೆಲಸ. ರಜಾದಿನಗಳಲ್ಲಿ ಅಶ್ವಾರೋಹಿ ದಳದ ತರಬೇತುದಾರರಿಂದ ಶಾಲಾ ಮಕ್ಕಳಿಗೆ ಪಾಠ ಕೊಡಿಸಲಿ. ನಗರದ ದಕ್ಷಿಣ ಅಂಚಿನ ಬಯಲೆಲ್ಲ ಬಡಾವಣೆಯಾಗುವ ಮೊದಲೇ ಸವಾರಿ ಅಂಗಳಕ್ಕೆ ಜಾಗ ಕಾದಿರಿಸಲಿ. ದಸರಾ ಕ್ರೀಡಾಕೂಟದಲ್ಲಿ ಕಿರಿಯರ ಜಿಗಿತಕ್ಕೆ ಸ್ಪರ್ಧೆ ಏರ್ಪಡಿಸಲಿ. ಆಯ್ದ ಸವಾರರಿಗೆ ಕುದುರೆಯ ಮೇವು, ಲಾಳ, ಚಿಕಿತ್ಸೆಯ ವೆಚ್ಚವನ್ನು ಕ್ರೀಡಾ ಇಲಾಖೆಯೇ ಭರಿಸಲಿ. ಕನ್ನಡ ನೆಲದ ಸವಾರ ಒಲಿಂಪಿಕ್ಸ್‌ನ ಅಂತಿಮ ಸುತ್ತು ಮುಟ್ಟಬಲ್ಲ ಎಂಬುದನ್ನು ಮಿರ್ಜಾ ತೋರಿಸಿಕೊಟ್ಟಾಗಿದೆ. ಮುಂದಿನ ಸವಾರ ಅದಕ್ಕಾಗಿ ಶ್ರೀಮಂತ ಪೋಷಕನನ್ನೂ ಪರದೇಶದ ಲಾಯವನ್ನೂ ಹುಡುಕಿಕೊಂಡು ಅಲೆಯದಂತೆ ನೋಡಿಕೊಳ್ಳುವುದು ನಮ್ಮ ಹೊಣೆ.