ಕೊಲ್ಲದಿರುವುದಷ್ಟೇ ಅಹಿಂಸೆಯೇ?

ಮುಂಬಯಿ, ಪುಣೆಗಳ ಜೈನ ಮನೆಗಳಲ್ಲಿ ಇಂದು ಸಾಕುನಾಯಿ ಅಪರೂಪವಲ್ಲ. ಮರಿಯಾಗಿ ಬಂದ ಜೀವ ಹತ್ತು ಹನ್ನೆರಡು ವರ್ಷಗಳಲ್ಲಿ ಮುಪ್ಪಿಗೆ ಸಲ್ಲುತ್ತದೆ. ಕೀಲುಗಳು ಬಿಗಿಯುತ್ತವೆ, ಕಣ್ಣು ಮಂಜಾಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಆಗ ಮನೆಯಲ್ಲಿ ಎರಡು ಮಾತುಗಳು ಹುಟ್ಟುತ್ತವೆ. 'ಇಂಜೆಕ್ಷನ್ ಕೊಡಿಸಿ ಮುಗಿಸಿಬಿಡೋಣ' ಎಂಬುದು ಒಂದು. 'ಅದರ ಕರ್ಮವನ್ನು ಅದೇ ಅನುಭವಿಸಲಿ, ನಮಗೇಕೆ ಪಾಪ' ಎಂಬುದು ಇನ್ನೊಂದು. ಮೊದಲನೆಯದು ಅವಸರದ ಮಾತು. ಎರಡನೆಯದು ಧರ್ಮದ ಮಾತಿನಂತೆ ಕೇಳಿಸಿದರೂ, ಬಾಲ್ಕನಿಯ ಮೂಲೆಯಲ್ಲಿ ನರಳುವ ಜೀವಕ್ಕೆ ಬೆನ್ನು ತಿರುಗಿಸಲು ನೆಪವಾಗಿಬಿಡುತ್ತದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅತಿಭಾರ ಹೇರುವುದು, ಅನ್ನಪಾನ ತಡೆಯುವುದು. ಇವುಗಳಲ್ಲಿ ಒಂದೂ ಕೊಲೆಯಲ್ಲ. ಪ್ರಾಣ ತೆಗೆಯದಿದ್ದರೆ ಸಾಕೆಂದಾಗಿದ್ದರೆ ಈ ಪಟ್ಟಿಯೇ ಬೇಕಿರಲಿಲ್ಲ. ತಂದೆಯ ಮಂಡಿನೋವಿಗೆ ವೈದ್ಯರ ಬಳಿಗೆ ಓಡುವವರು ಆಗ ಕರ್ಮದ ಮಾತೆತ್ತುವುದಿಲ್ಲ ಎಂಬುದನ್ನೂ ನೆನೆಯಬೇಕು.

ಅನ್ನ ಬಿಟ್ಟ ನಾಯಿಯನ್ನು ಕಂಡು ಸಲ್ಲೇಖನವೆಂದು ಕೈಮುಗಿಯುವುದೂ ಸಲ್ಲದು. ಸಲ್ಲೇಖನ ಅರಿತು ಕೈಗೊಳ್ಳುವ, ಕಾಯದೊಡನೆ ಕಷಾಯಗಳನ್ನೂ ಕೃಶಗೊಳಿಸುವ ವ್ರತ. ನಾಯಿಗಾದರೋ ಹಲ್ಲು ಕೊಳೆತಿರಬಹುದು, ಮೂತ್ರಪಿಂಡ ಸೋತು ವಾಕರಿಕೆ ಬರುತ್ತಿರಬಹುದು. ತಿನ್ನಲಾಗದ ಸಂಕಟಕ್ಕೆ ವ್ರತದ ಹೆಸರಿಟ್ಟರೆ ವ್ರತಕ್ಕೂ ನಾಯಿಗೂ ಅನ್ಯಾಯ.

ಹಾಗಾದರೆ ಮುದಿಜೀವದ ಬದುಕನ್ನು ಅಳೆಯುವುದು ಹೇಗೆ? ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೋಬೋಸ್ ಏಳು ಅಂಶಗಳ ಅಳತೆಗೋಲೊಂದನ್ನು ರೂಪಿಸಿದ್ದಾರೆ: ನೋವು, ಹಸಿವು, ನೀರು, ಶುಚಿತ್ವ, ಸಂತೋಷ, ಚಲನೆ, ಮತ್ತು ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ ಎಂಬುದು. ಪ್ರತಿಯೊಂದಕ್ಕೂ 0ಯಿಂದ 10ರವರೆಗೆ ಅಂಕ. ಸ್ಥಿತಿ ಒಳ್ಳೆಯದಿದ್ದಷ್ಟೂ ಅಂಕ ಹೆಚ್ಚು. ಒಟ್ಟು 35 ಮೀರಿದರೆ ಆರೈಕೆಯನ್ನು ಮುಂದುವರಿಸಬಹುದು. ಅಂಕಿಯೇ ತೀರ್ಪಲ್ಲ; ಆದರೆ ದಿನವೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು ದಿನವೂ ನಾಯಿಯನ್ನು ನೋಡಲೇಬೇಕಾಗುತ್ತದೆ. ನಾಯಿ ನೋವನ್ನು ಮರೆಮಾಚುವ ಪ್ರಾಣಿ. ರಾತ್ರಿಯ ಏದುಸಿರು, ಒಂದೇ ಕೀಲನ್ನು ನೆಕ್ಕುತ್ತಿರುವುದು, ಮನೆಯವರು ಬಂದರೂ ಏಳದಿರುವುದು ಇವೇ ಅದರ ದೂರುಗಳು.

ಅಂಕ ಇಳಿದೊಡನೆ ಸಾವಿನ ಮಾತಾಡಬೇಕಿಲ್ಲ. ಜಾರುವ ಟೈಲ್ಸಿನ ಮೇಲೊಂದು ಚಾಪೆ, ಮೆತ್ತನೆಯ ಹಾಸಿಗೆ, ತೂಕದ ಹತೋಟಿ, ಪಶುವೈದ್ಯರು ಬರೆದುಕೊಟ್ಟ ನೋವಿನ ಔಷಧಿ ಇವುಗಳಿಂದ ಹಲವು ನಾಯಿಗಳು ಮತ್ತೆ ಎದ್ದು ನಡೆಯುತ್ತವೆ. ಮನುಷ್ಯರ ಐಬುಪ್ರೊಫೆನ್ ಮಾತ್ರ ನಾಯಿಗೆ ವಿಷ. ಮನೆಮದ್ದಿನ ಸಾಹಸ ಕೂಡದು.

ಯಾವುದರಿಂದಲೂ ಯಾತನೆ ತಗ್ಗದಿದ್ದರೆ? 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಉಳಿಯುವ ಆಸೆಯಿಲ್ಲದೆ ನರಳುತ್ತಿದ್ದ ಕರುವಿಗೆ ಗಾಂಧೀಜಿ ಇಂಜೆಕ್ಷನ್ ಕೊಡಿಸಿದಾಗ ಎದ್ದ ಪ್ರಶ್ನೆಯೂ ಇದೇ. ಅಂದಿನ ತೀವ್ರ ವಿರೋಧ ಇಂದಿಗೂ ಮುಗಿದಿಲ್ಲ. ಶ್ರಾವಕನೊಬ್ಬ ಸಾವು ಕೊಡಲೊಲ್ಲೆನೆಂದರೆ ಆ ನಿಲುವು ಗೌರವಕ್ಕೆ ಅರ್ಹ. ಆದರೆ ಅದಕ್ಕೊಂದು ಬೆಲೆಯಿದೆ: ರಾತ್ರಿಯ ಜಾಗರಣೆ, ಗಂಟೆಗಂಟೆಗೆ ಮಗ್ಗುಲು ಬದಲಿಸುವ ಕೈ, ಔಷಧಿಯ ಖರ್ಚು. ಆ ಬೆಲೆಯನ್ನು ನಾಯಿಯೊಂದೇ ತೆರುವಂತಾದರೆ ಅದು ಅಹಿಂಸೆಯಲ್ಲ, ಹೊಣೆಯಿಂದ ನುಣುಚಿಕೊಳ್ಳುವಿಕೆ. ಎಲ್ಲ ಆರೈಕೆ ಸೋತ ಮೇಲೆ ವೈದ್ಯರ ಸಲಹೆಯಂತೆ ಕಡೆಯ ಇಂಜೆಕ್ಷನ್ನಿಗೆ ಒಪ್ಪಿದ ಕುಟುಂಬವನ್ನು ಬಸದಿಯ ಅಂಗಳದಲ್ಲಿ ಕೊಲೆಗಾರರಂತೆ ಕಾಣುವುದೂ ನಿಲ್ಲಬೇಕು. ಆ ಮನೆಯವರು ಕಳೆದ ರಾತ್ರಿಗಳನ್ನು ತೀರ್ಪು ಕೊಡುವವರು ಕಂಡಿರುವುದಿಲ್ಲ.

ಜೀವಂಧರನು ಸಾಯುತ್ತಿದ್ದ ನಾಯಿಗೆ ಪಂಚನಮಸ್ಕಾರ ಕೇಳಿಸಿದ ಕಥೆ ಕನ್ನಡ ಜೈನರಿಗೆ ಪರಿಚಿತ. ಆ ನಾಯಿ ಯಕ್ಷನಾದುದನ್ನು ಎಲ್ಲರೂ ನೆನೆಯುತ್ತಾರೆ. ಹೊಡೆತ ತಿಂದು ಬಿದ್ದಿದ್ದ ಜೀವದ ಬಳಿಗೆ ರಾಜಕುಮಾರನೊಬ್ಬ ಹೋಗಿ ನಿಂತನೆಂಬುದನ್ನೂ ನೆನೆಯಬೇಕು. ಮಂತ್ರ ಹೇಳುವುದಕ್ಕೆ ಮೊದಲು ಹತ್ತಿರ ಹೋಗಬೇಕಾಗುತ್ತದೆ.