ಹಳೆಯ ಜೀಪು ಕೊಳ್ಳುವ ಮುನ್ನ

ಇಂಡಿ, ಸಿಂದಗಿಯ ಎರೆಭೂಮಿಯ ದಾರಿಗಳು ಮಳೆಗಾಲದಲ್ಲಿ ಹೇಗಿರುತ್ತವೆಂಬುದನ್ನು ಬಲ್ಲವರು, ಅಲ್ಲಿನ ರೈತ ಕುಟುಂಬವೊಂದು ಎತ್ತರದ ವಾಹನ ಬಯಸುವುದನ್ನು ಶೋಕಿಯೆಂದು ಜರಿಯಲಾರರು. ಬಸ್ಸಿಲ್ಲದ ಹೊತ್ತಿನಲ್ಲಿ ರೋಗಿಯನ್ನು ವಿಜಯಪುರಕ್ಕೆ ಒಯ್ಯಬೇಕಾದವರಿಗೆ ಪರಿಸರದ ಉಪದೇಶವಷ್ಟೇ ಸಾಲದು. ಕೊಳ್ಳುವ ವಿವೇಕವನ್ನೂ ತಿಳಿಸಬೇಕು.

ಬಳಸಿದ ವಾಹನ ಕೊಂಡರೆ ಹೊಸದರ ತಯಾರಿಕೆಗೆ ಬೇಕಾದ ಉಕ್ಕು, ವಿದ್ಯುತ್ತು ಉಳಿಯುತ್ತವೆ, ನಿಜ. ಆದರೆ ಹಳೆಯದೆಲ್ಲವೂ ಹಸಿರಲ್ಲ. ಹೊಗೆ ನಿಯಂತ್ರಣದ ಬಿಎಸ್-4 ಮಾನದಂಡ ದೇಶದಾದ್ಯಂತ ಜಾರಿಯಾದದ್ದು 2017ರ ಏಪ್ರಿಲ್‌ನಲ್ಲಿ; ಬಿಎಸ್-6, 2020ರ ಏಪ್ರಿಲ್‌ನಲ್ಲಿ. ಅದಕ್ಕೂ ಹಿಂದಿನ ಡೀಸೆಲ್ ಗಾಡಿಯನ್ನು ಅಗ್ಗವೆಂದು ತಂದರೆ, ಉಳಿದ ಹಣವನ್ನು ಊರಿನ ಮಕ್ಕಳ ಶ್ವಾಸಕೋಶಗಳು ತೆರಬೇಕಾಗುತ್ತದೆ. ಖಾಸಗಿ ವಾಹನದ ನೋಂದಣಿಯೂ 15 ವರ್ಷಕ್ಕೆ ಮುಗಿದು, ತಪಾಸಣೆಯ ಬಳಿಕವಷ್ಟೇ ನವೀಕರಣಗೊಳ್ಳುತ್ತದೆ.

ತೋಟಕ್ಕೂ ಊರಿಗೂ ನಡುವಣ ಕಿರು ಓಡಾಟವೇ ಹೆಚ್ಚಾದರೆ ಪೆಟ್ರೋಲ್ ವಾಹನವೇ ಲೇಸು. ಬಿಎಸ್-6 ಡೀಸೆಲ್ ವಾಹನದ ಮಸಿ ಹಿಡಿಯುವ ಫಿಲ್ಟರ್, ಆಗಾಗ ದೀರ್ಘ ಓಟವಿಲ್ಲದಿದ್ದರೆ ಕಟ್ಟಿಕೊಳ್ಳುತ್ತದೆ. ಬೊಲೆರೊದಂತಹ ಗಾಡಿ ಗಟ್ಟಿಮುಟ್ಟು. ಆದರೆ ಅದರ ಹಿಂಬದಿಯ ಪಟ್ಟಿ ಸ್ಪ್ರಿಂಗ್ ಹೊರೆಗೆ ಒಗ್ಗಿದಷ್ಟು ವೃದ್ಧರ ಬೆನ್ನಿಗೆ ಒಗ್ಗದು. ಮನೆಯವರೆಲ್ಲರೂ ಹಿಂದಿನ ಆಸನದಲ್ಲಿ ಕುಳಿತು, ಹದಗೆಟ್ಟ ದಾರಿಯಲ್ಲೇ ಓಡಿಸಿ ನೋಡಲಿ. ನಂಬಿಕೆಯ ಮೆಕ್ಯಾನಿಕ್ ಚಾಸಿಯ ತುಕ್ಕು, ತಣ್ಣನೆಯ ಎಂಜಿನ್ನಿನ ಮೊದಲ ಹೊಗೆ, ದುರಸ್ತಿಯ ದಾಖಲೆಗಳನ್ನು ಪರೀಕ್ಷಿಸಲಿ. ಬಿಡಿಭಾಗ ತಾಲೂಕು ಕೇಂದ್ರದಲ್ಲೇ ದೊರೆಯುವಂತಿರಲಿ.

ಮಲೆನಾಡಿನ ಕೆಸರುದಾರಿಯವರಿಗೂ ಈ ಮಾತು ಅನ್ವಯಿಸುತ್ತದೆ. ವಾಹನದ ಗಾತ್ರವನ್ನು ನೆರೆಯವರ ಅಂಗಳ ನೋಡಿ ನಿರ್ಧರಿಸಬಾರದು, ಮನೆಯ ಅಗತ್ಯವೇ ನಿರ್ಧರಿಸಬೇಕು. ಬಸ್ಸು ಬರುವ ದಿನ ಅದು ಅಂಗಳದಲ್ಲೇ ನಿಂತಿರಲಿ.